ಬಿ ಕೋಶಕ್ಕೆ ತಾನು ಬಿ ಕೋಶ ಅಂತ ದಿನಾ ನೆನಪಿಸೋದು ಯಾರು?

ಹಾಸನದ ಮೇಷ್ಟ್ರು · ಶನಿವಾರ, ಸಂಜೆ 6:10

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತೇನೆ. ಮೊನ್ನೆ ಸೆಕೆಂಡ್ ಪಿಯು ಮಕ್ಕಳಿಗೆ ರೋಗನಿರೋಧಕ ಶಕ್ತಿಯ ಪಾಠ ನಡೆಯುತ್ತಿತ್ತು. ಬೋರ್ಡಿನ ಮೇಲೆ ಮೂಳೆಮಜ್ಜೆಯ ಒಂದು ಸ್ಟೆಮ್ ಸೆಲ್, ಅಂದರೆ ಯಾವ ರಕ್ತಕಣ ಬೇಕಾದರೂ ಆಗಬಲ್ಲ ತಾಯಿಕೋಶ, ಬಿಡಿಸಿದೆ. ಅದರಿಂದ ಕವಲು ಕವಲಾಗಿ ಆಂಟಿಬಾಡಿ ಮಾಡುವ ಬಿ ಕೋಶ, ಸೋಂಕಿನ ವಿರುದ್ಧ ಕಾದಾಡುವ ಟಿ ಕೋಶ, ರೋಗಾಣು ನುಂಗುವ ಮ್ಯಾಕ್ರೋಫೇಜ್, ನ್ಯೂಟ್ರೋಫಿಲ್ ಎಲ್ಲ ಬರೆದೆ. ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಎಲ್ಲ ಕೋಶದಲ್ಲೂ ಡಿಎನ್‌ಎ ಒಂದೇ ಅಂದ್ರಿ. ಹಾಗಾದರೆ ನೀನು ಬಿ ಕೋಶ ಆಗು ಅಂತ ಇದಕ್ಕೆ ಹೇಳೋರು ಯಾರು?"

ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅನ್ನೋ ಪ್ರೋಟೀನ್‌ಗಳು ಅಂದೆ. ಅವಳು ಕೂರಲಿಲ್ಲ. "ಒಂದು ಸಲ ಹೇಳಿದರೆ ಸಾಕಾ ಸರ್, ದಿನಾ ಹೇಳ್ತಾ ಇರಬೇಕಾ?"

ಈ ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕರಾವಳಿ ಹುಡುಗಿ · ಶನಿವಾರ, ರಾತ್ರಿ 9:25

ಮೇಷ್ಟ್ರೇ, ನಾನು ಇಮ್ಯುನಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ದಿನಾ ಹೇಳ್ತಾ ಇರಬೇಕು. ಹೇಳೋದು ನಿಂತರೆ ಕೋಶ ಮರೆತುಬಿಡುತ್ತದೆ. ಇದು ಊಹೆ ಅಲ್ಲ, ಇಲಿಗಳಲ್ಲಿ ಮಾಡಿ ನೋಡಿದ್ದಾರೆ.

ಮೊದಲು ಕೆಲಸ ನಡೆಯೋ ರೀತಿ. ನಮ್ಮ ಒಂದು ಕೋಶದ ಡಿಎನ್‌ಎ ಬಿಡಿಸಿ ಉದ್ದಕ್ಕೆ ಹಾಕಿದರೆ ಸುಮಾರು 2 ಮೀಟರ್. ಅಷ್ಟೂ ಕಣ್ಣಿಗೆ ಕಾಣದಷ್ಟು ಚಿಕ್ಕ ನ್ಯೂಕ್ಲಿಯಸ್ ಒಳಗೆ ಸುತ್ತಿ ಮಡಚಿ ಕೂತಿದೆ. ಮಡಿಕೆ ಒಳಗಿರುವ ಜೀನ್ ಓದೋಕೆ ಆಗಲ್ಲ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅಂದರೆ ಡಿಎನ್‌ಎಯಲ್ಲಿ ಒಂದು ಪುಟ್ಟ ಅಕ್ಷರಸಾಲನ್ನು ಗುರುತು ಹಿಡಿದು, ಅಲ್ಲಿ ಕಚ್ಚಿಕೊಂಡು ಕೂರುವ ಪ್ರೋಟೀನ್. ಕೂತಮೇಲೆ ಬೇರೆ ಪ್ರೋಟೀನ್‌ಗಳನ್ನು ಕರೆಯುತ್ತದೆ. ಕೆಲವರು ಬಂದು ಮಡಿಕೆ ಬಿಚ್ಚುತ್ತಾರೆ, ಪಕ್ಕದ ಜೀನ್ ಓದಿಸುತ್ತಾರೆ. ಇನ್ನು ಕೆಲವರು ಬಂದು ಇನ್ನೂ ಬಿಗಿಯಾಗಿ ಮಡಚಿಡುತ್ತಾರೆ. ಅಂದರೆ ಒಂದೇ ಫ್ಯಾಕ್ಟರ್ ಒಂದು ಜೀನ್ ತೆರೆಯಬಹುದು, ಇನ್ನೊಂದನ್ನು ಮುಚ್ಚಬಹುದು. ಮನುಷ್ಯರಲ್ಲಿ ಇಂಥವು ಸುಮಾರು 1,600 ಇವೆ.

ನಿಮ್ಮ ಬೋರ್ಡಿನ ಮೊದಲ ಕವಲಿನ ಹತ್ತಿರವೇ ಇರೋದು ಪಿಯು.1 ಅನ್ನೋ ಫ್ಯಾಕ್ಟರ್. ಪಿಯು ಮಕ್ಕಳಿಗೆ ಈ ಹೆಸರು ಮರೆಯಲ್ಲ ಬಿಡಿ. ಡಿಎನ್‌ಎಯಲ್ಲಿ ಪ್ಯೂರಿನ್ (ಎ ಮತ್ತು ಜಿ ಅಕ್ಷರಗಳು) ಜಾಸ್ತಿ ಇರುವ ಜಾಗದಲ್ಲಿ ಕೂರುತ್ತದೆ, ಅದಕ್ಕೆ ಆ ಹೆಸರು. 1994ರಲ್ಲಿ ಹರಿಂದರ್ ಸಿಂಗ್ ಅವರ ತಂಡ ಪಿಯು.1 ಇಲ್ಲದ ಇಲಿ ಮಾಡಿತು. ಆ ಭ್ರೂಣಗಳಲ್ಲಿ ಮ್ಯಾಕ್ರೋಫೇಜ್ ಇಲ್ಲ, ನ್ಯೂಟ್ರೋಫಿಲ್ ಇಲ್ಲ, ಬಿ ಇಲ್ಲ, ಟಿ ಇಲ್ಲ. ಕೆಂಪು ರಕ್ತಕಣ ಮತ್ತು ಪ್ಲೇಟ್‌ಲೆಟ್ ಮಾಡುವ ಕೋಶಗಳ ದಾರಿ ಮಾತ್ರ ತೆರೆದಿತ್ತು. 2000ದಲ್ಲಿ ಅದೇ ಲ್ಯಾಬಿನಿಂದ ಇನ್ನೊಂದು ವಿಷಯ ಬಂತು, ನನಗೆ ಅದು ತುಂಬಾ ಇಷ್ಟ. ಪಿಯು.1 ಇದೆಯಾ ಇಲ್ಲವಾ ಅನ್ನೋದಷ್ಟೇ ಅಲ್ಲ, ಎಷ್ಟಿದೆ ಅನ್ನೋದು ಮುಖ್ಯ. ಜಾಸ್ತಿ ಇದ್ದರೆ ಮ್ಯಾಕ್ರೋಫೇಜ್, ಕಮ್ಮಿ ಇದ್ದರೆ ಬಿ ಕೋಶ. ಎಲೆ ಅಡಿಕೆಗೆ ಸುಣ್ಣ ಹಚ್ಚುವವರಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತದೆ. ಬೆರಳ ತುದಿಯಷ್ಟು ಹೆಚ್ಚಾದರೆ ಕಥೆಯೇ ಬೇರೆ.

ಈಗ ನಿಮ್ಮ ಹುಡುಗಿಯ ಪ್ರಶ್ನೆ. ಬಿ ಕೋಶದ ದಾರಿಯಲ್ಲಿ ಇ2ಎ, ಇಬಿಎಫ್1 ಅನ್ನೋ ಫ್ಯಾಕ್ಟರ್‌ಗಳು ಆದಮೇಲೆ ಬರೋ ಫ್ಯಾಕ್ಟರ್ ಪ್ಯಾಕ್ಸ್5. ವಿಯೆನ್ನಾದ ಐಎಂಪಿ ಸಂಸ್ಥೆಯಲ್ಲಿ ಮೈನ್‌ರಾಡ್ ಬಸ್ಲಿಂಗರ್ ಅವರ ತಂಡ ಇದರ ಬೆನ್ನು ಹತ್ತಿ ವರ್ಷಗಟ್ಟಲೆ ಕೆಲಸ ಮಾಡಿತು. 1999ರಲ್ಲಿ ಅವರು ತೋರಿಸಿದ್ದು ಇದು: ಪ್ಯಾಕ್ಸ್5 ಇಲ್ಲದ ಎಳೆಯ ಬಿ ಕೋಶಗಳು ಅರ್ಧದಾರಿಯಲ್ಲಿ ನಿಲ್ಲುತ್ತವೆ, ಆದರೆ ಸುಮ್ನೆ ನಿಲ್ಲಲ್ಲ. ಯಾವ ಕಡೆ ಕರೆದರೆ ಆ ಕಡೆ ಹೋಗುತ್ತವೆ. ಒಂದು ಬಗೆಯ ಸಂಕೇತ ಕೊಟ್ಟರೆ ಮ್ಯಾಕ್ರೋಫೇಜ್ ಆಗುತ್ತವೆ. ಇಲಿಯ ಮೈಗೆ ಚುಚ್ಚಿದರೆ ಟಿ ಕೋಶ ಬಲಿಯುವ ಥೈಮಸ್ ಗ್ರಂಥಿ ಸೇರಿ ಟಿ ಕೋಶ ಆಗುತ್ತವೆ. ಪ್ಯಾಕ್ಸ್5ನ ಅರ್ಧ ಕೆಲಸ "ಬಿ ಆಗು" ಅನ್ನೋದು, ಇನ್ನರ್ಧ "ಬೇರೆ ಏನೂ ಆಗಬೇಡ" ಅನ್ನೋದು.

2007ರಲ್ಲಿ ಅದೇ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪೂರ್ತಿ ಬಲಿತ ಬಿ ಕೋಶದಿಂದ ಪ್ಯಾಕ್ಸ್5 ತೆಗೆದುಹಾಕಿದರು. ಓದು ಮುಗಿಸಿ ಕೆಲಸಕ್ಕೆ ಸೇರಿದ ಕೋಶ ಅದು. ಆ ಕೋಶಗಳು ಮೂಳೆಮಜ್ಜೆಯಲ್ಲಿ ಹಿಂದಿನ ಸ್ಥಿತಿಗೆ ಜಾರಿ, ಅಲ್ಲಿಂದ ಟಿ ಕೋಶಗಳಾದವು. ಕೆಲವು ಇಲಿಗಳಲ್ಲಿ ಲಿಂಫೋಮಾ (ಬಿ, ಟಿ ಥರದ ಕೋಶಗಳ ಕ್ಯಾನ್ಸರ್) ಗಡ್ಡೆಯೂ ಬಂತು.

ಸ್ಲೈಡ್ ಅಕ್ಕ · ಶನಿವಾರ, ರಾತ್ರಿ 10:50

ಕರಾವಳಿ ಹುಡುಗಿ, ಚೆನ್ನಾಗಿ ಬರೆದಿದ್ದೀಯ ತಾಯಿ. ಮೇಷ್ಟ್ರೇ, ಒಂದು ತಿದ್ದುಪಡಿ. "ಎಲ್ಲ ಕೋಶದಲ್ಲೂ ಡಿಎನ್‌ಎ ಒಂದೇ" ಅನ್ನೋದು ಬಿ ಮತ್ತು ಟಿ ಕೋಶಕ್ಕೆ ಪೂರ್ತಿ ಹೊಂದಲ್ಲ. ಅವು ಆಂಟಿಬಾಡಿ ಅಥವಾ ರಿಸೆಪ್ಟರ್ (ರೋಗಾಣು ಗುರುತಿಸುವ ಪ್ರೋಟೀನ್‌ಗಳು) ಜೀನ್ ತಯಾರಿಸುವಾಗ ತಮ್ಮ ಡಿಎನ್‌ಎಯನ್ನೇ ಕತ್ತರಿಸಿ, ಬೇರೆ ಬೇರೆ ತುಂಡು ಜೋಡಿಸಿಕೊಳ್ಳುತ್ತವೆ. 1976ರಲ್ಲಿ ಸುಸುಮು ಟೊನೆಗಾವಾ ತೋರಿಸಿದ್ದು ಇದನ್ನೇ. ಒಮ್ಮೆ ಕತ್ತರಿಸಿದ್ದು ವಾಪಸ್ ಬರಲ್ಲ.

2007ರ ಪ್ರಯೋಗ ನಂಬೋಕೆ ಕಾರಣವೂ ಅದೇ. ಆ ಟಿ ಕೋಶಗಳ ಡಿಎನ್‌ಎ ತೆಗೆದು ನೋಡಿದಾಗ ಆಂಟಿಬಾಡಿ ಜೀನ್ ಜೋಡಿಸಿದ ಗುರುತು ಹಾಗೇ ಇತ್ತು. ಹಳೆ ಮನೆ ಬಿಟ್ಟು ಬಂದವರ ಟ್ರಂಕಿನ ಮೇಲೆ ಹಳೆ ಊರಿನ ಹೆಸರು ಉಳಿದ ಹಾಗೆ. ಇವು ಹಿಂದೆ ಬಿ ಕೋಶ ಆಗಿದ್ದವು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ನಾನು ಬೆಂಗಳೂರಿನಲ್ಲಿ ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಪ್ಯಾಕ್ಸ್5 ನನಗೆ ಪೇಪರಿನ ಹೆಸರಲ್ಲ, ದಿನಾ ನೋಡುವ ಬಣ್ಣ. ಲಿಂಫ್ ಗಂಟಿನ ತುಂಡು ಫಾರ್ಮಲಿನ್‌ನಲ್ಲಿ ಬರುತ್ತದೆ. ಮೇಣದಲ್ಲಿ ಕೂರಿಸಿ, 3-4 ಮೈಕ್ರಾನ್ ದಪ್ಪಕ್ಕೆ ಹೆರೆದು ಸ್ಲೈಡಿಗೆ ಹಚ್ಚುತ್ತೇವೆ. ಫಾರ್ಮಲಿನ್ ಪ್ರೋಟೀನ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿರುತ್ತದೆ. ಅದನ್ನು ಬಿಡಿಸೋಕೆ ಸ್ಲೈಡುಗಳನ್ನು ಬಫರ್‌ನಲ್ಲಿ ಮುಳುಗಿಸಿ ಪ್ರೆಶರ್ ಕುಕ್ಕರ್‌ನಲ್ಲಿ ಇಡುತ್ತೇವೆ. ಹೌದು, ಮನೆಯಲ್ಲಿ ಬೇಳೆ ಬೇಯಿಸುವಂಥದ್ದೇ ಕುಕ್ಕರ್. ಆಮೇಲೆ ಪ್ಯಾಕ್ಸ್5 ಹಿಡಿಯುವ ಆಂಟಿಬಾಡಿ, ಆಮೇಲೆ ಬಣ್ಣ. ಪ್ಯಾಕ್ಸ್5 ಇರುವ ನ್ಯೂಕ್ಲಿಯಸ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಇಲ್ಲದ್ದು ತಿಳಿ ನೀಲಿ.

ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ರೀಡ್-ಸ್ಟರ್ನ್‌ಬರ್ಗ್ ಅನ್ನೋ ದೊಡ್ಡ ದೊಡ್ಡ ಕೋಶಗಳು ಕಾಣುತ್ತವೆ. ಅವು ಮೂಲದಲ್ಲಿ ಬಿ ಕೋಶಗಳೇ. ಆದರೆ ಬಿ ಕೋಶದ ಗುರುತುಗಳಲ್ಲಿ ಹೆಚ್ಚಿನವನ್ನು ಕಳೆದುಕೊಂಡಿರುತ್ತವೆ. ಸ್ಲೈಡಿನಲ್ಲಿ ಸುತ್ತಮುತ್ತ ಇರುವ ಚಿಕ್ಕ ಆರೋಗ್ಯವಂತ ಬಿ ಕೋಶಗಳು ಗಾಢ ಕಂದು. ನಡುವೆ ಈ ದೊಡ್ಡ ಕೋಶದ ನ್ಯೂಕ್ಲಿಯಸ್ ಹಾಲು ಜಾಸ್ತಿ ಹಾಕಿದ ಕಾಫಿಯ ಹಾಗೆ ಪೇಲವ. ಆ ಪೇಲವ ಬಣ್ಣವೇ ಡಾಕ್ಟರಿಗೆ ಸುಳಿವು. ನಿಮ್ಮ ವಿದ್ಯಾರ್ಥಿನಿ ಕೇಳಿದ "ದಿನಾ ಹೇಳ್ತಾ ಇರಬೇಕಾ" ಅನ್ನೋದನ್ನು ನಾನು ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡುತ್ತೇನೆ.

ಶಿರಸಿಯ ಅಮ್ಮ · ಭಾನುವಾರ, ಬೆಳಿಗ್ಗೆ 7:30

ಓದಿ ಖುಷಿ ಆಯಿತು. ಎಲ್ಲ ಅರ್ಥ ಆಗಲಿಲ್ಲ, ಆದರೂ ಕುಕ್ಕರ್ ಅರ್ಥ ಆಯಿತು. ಒಂದು ಪ್ರಶ್ನೆ. ನಾವು ಮನೆಯಲ್ಲಿ ಇಮ್ಯುನಿಟಿ ಹೆಚ್ಚಾಗಲಿ ಅಂತ ಅಮೃತಬಳ್ಳಿ ಕಷಾಯ ಮಾಡುತ್ತೇವೆ. ಅದರಿಂದ ಈ ಫ್ಯಾಕ್ಟರ್‌ಗಳು ಜಾಸ್ತಿ ಆಗುತ್ತವಾ?

ಬಾಥೆಲ್ ಕನ್ನಡಿಗ · ಭಾನುವಾರ, ಬೆಳಿಗ್ಗೆ 10:15

ಅಮ್ಮ, ಕಷಾಯದ ಬಗ್ಗೆ ತಿಳಿದವರು ಹೇಳಲಿ. "ಹೆಚ್ಚಾದರೆ ಒಳ್ಳೆಯದು" ಅನ್ನೋದರ ಬಗ್ಗೆ ಮಾತ್ರ ನಾನು ಒಂದು ಕಥೆ ಹೇಳುತ್ತೇನೆ. ನಾನು ಸಾಫ್ಟ್‌ವೇರ್‌ನವನು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಾಥೆಲ್‌ನಲ್ಲಿ ಇದ್ದೇನೆ. 2025ರ ಅಕ್ಟೋಬರ್‌ನಲ್ಲಿ ವೈದ್ಯಕೀಯ ನೊಬೆಲ್ ಪ್ರಕಟ ಆದಾಗ ನಮ್ಮೂರಿನ ಹೆಸರು ನೋಡಿ ಬೆಚ್ಚಿಬಿದ್ದೆ. ಅವತ್ತಿನಿಂದ ಇದನ್ನು ಓದುತ್ತಲೇ ಇದ್ದೇನೆ.

1949ರಲ್ಲಿ ಟೆನೆಸಿಯ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಕೆಲವು ಗಂಡು ಇಲಿಮರಿಗಳು ಚರ್ಮ ಒಣಗಿ ಹೊಟ್ಟು ಉದುರಿ, ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಅವಕ್ಕೆ ಸ್ಕರ್ಫಿ ಅಂತ ಹೆಸರಿಟ್ಟರು. ಅವುಗಳ ಟಿ ಕೋಶಗಳು ಸ್ವಂತ ಮೈಯನ್ನೇ ತಿನ್ನುತ್ತಿದ್ದವು. ಗಂಡಿಗೆ ಎಕ್ಸ್ ಕ್ರೋಮೋಸೋಮ್ ಒಂದೇ, ಹಾಗಾಗಿ ಗಂಡಿಗೆ ಮಾತ್ರ ಬರುತ್ತದೆ ಅಂದರೆ ತಪ್ಪು ಆ ಎಕ್ಸ್‌ನಲ್ಲಿ ಇದೆ. ಎಲ್ಲಿ? 90ರ ದಶಕದಲ್ಲಿ ಬಾಥೆಲ್‌ನ ಒಂದು ಪುಟ್ಟ ಬಯೋಟೆಕ್ ಕಂಪನಿಯಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಹುಡುಕಲು ಕೂತರು. ಈಗಿನ ಹಾಗೆ ಇಡೀ ಜೀನೋಮ್ ಓದಿಸುವ ಯಂತ್ರಗಳು ಆಗ ಇರಲಿಲ್ಲ. ಸುಮಾರು 17 ಕೋಟಿ ಅಕ್ಷರದ ಕ್ರೋಮೋಸೋಮಿನಲ್ಲಿ ಹುಡುಕುತ್ತಾ ಹುಡುಕುತ್ತಾ 5 ಲಕ್ಷ ಅಕ್ಷರದ ಒಂದು ತುಂಡಿಗೆ ಬಂದು ನಿಂತರು. ಅದರಲ್ಲಿ 20 ಜೀನ್. ಒಂದೊಂದಾಗಿ ನೋಡಿದರು. ತಪ್ಪು ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ, ಕೊನೆಯದರಲ್ಲಿ. ಎರಡೇ ಎರಡು ಅಕ್ಷರ ಹೆಚ್ಚಿಗೆ ಸೇರಿಕೊಂಡಿತ್ತು. ನಾನು ದಿನಾ ಕೋಡ್ ಬರೆಯುವವನು. ಎರಡು ಅಕ್ಷರದಿಂದ ಇಡೀ ಪ್ರೋಗ್ರಾಂ ಕೆಡುವುದು ನನಗೆ ಗೊತ್ತು. ಆದರೆ ಅದನ್ನು ಈ ರೀತಿ ಹುಡುಕುವ ತಾಳ್ಮೆ ನೆನೆದರೆ ಕೈ ಮುಗಿಯಬೇಕು ಅನಿಸುತ್ತದೆ.

ಆ ಜೀನ್ ಹೆಸರು ಫಾಕ್ಸ್‌ಪಿ3. ಅದೂ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರೇ. ಅದೇ ಜೀನ್ ಕೆಟ್ಟ ಗಂಡು ಶಿಶುಗಳಿಗೆ ಐಪೆಕ್ಸ್ ಅನ್ನೋ ಅಪರೂಪದ ಕಾಯಿಲೆ ಬರುತ್ತದೆ ಅಂತಲೂ 2001ರಲ್ಲಿ ಗೊತ್ತಾಯಿತು. ನಿಲ್ಲದ ಭೇದಿ, ಹುಟ್ಟಿದ ಕೆಲವೇ ದಿನಕ್ಕೆ ಸಕ್ಕರೆ ಕಾಯಿಲೆ, ಮೈತುಂಬ ಎಕ್ಸಿಮಾ. ಜಪಾನಿನ ಶಿಮೋನ್ ಸಕಗುಚಿ ಅವರು 1995ರಲ್ಲೇ ಒಂದು ವಿಶೇಷ ಟಿ ಕೋಶ ಗುರುತಿಸಿದ್ದರು. ಬೇರೆ ಟಿ ಕೋಶಗಳನ್ನು "ಸಾಕು, ನಿಲ್ಲಿಸಿ" ಅಂತ ತಡೆಯುವ ಕೋಶ. ಆ ಕೋಶವನ್ನು ರೂಪಿಸುವುದು ಫಾಕ್ಸ್‌ಪಿ3 ಅಂತ 2003ರಲ್ಲಿ ಖಚಿತವಾಯಿತು. ಮೂವರಿಗೂ ಸೇರಿ ಆ ನೊಬೆಲ್.

ಅದಕ್ಕೆ ಅಮ್ಮ, ರೋಗನಿರೋಧಕ ಶಕ್ತಿಗೆ ಹೆಚ್ಚಾಗೋದು ಎಷ್ಟು ಮುಖ್ಯವೋ ನಿಲ್ಲೋದೂ ಅಷ್ಟೇ ಮುಖ್ಯ. ನಿಲ್ಲಿಸುವವನು ಇಲ್ಲದಿದ್ದರೆ ಆ ಇಲಿಮರಿಗಳ ಗತಿ.

ಗಣಿತದ ಗೀಳು · ಭಾನುವಾರ, ಮಧ್ಯಾಹ್ನ 1:40

ಒಂದು ತಕರಾರು. ನೀವೆಲ್ಲ ಪ್ಯಾಕ್ಸ್5, ಫಾಕ್ಸ್‌ಪಿ3 ಅಂತ ಒಂದೊಂದು ಹೆಸರು ಹಿಡಿದು ಹೇಳುತ್ತಿದ್ದೀರಿ. ಪತ್ರಿಕೆಗಳಲ್ಲೂ "ಮಾಸ್ಟರ್ ಸ್ವಿಚ್" ಅಂತ ಬರೆಯುತ್ತಾರೆ. ಒಂದು ಕೋಶದಲ್ಲಿ ನೂರಾರು ಫ್ಯಾಕ್ಟರ್ ಇರುವಾಗ ಒಂದೇ ಯಜಮಾನ ಅನ್ನೋದು ಸರಿಯಾ?

ಕರಾವಳಿ ಹುಡುಗಿ · ಭಾನುವಾರ, ಸಂಜೆ 4:05

ತಕರಾರು ಸರಿಯಾಗಿದೆ. ನನಗೂ ಆ ಮಾತು ಅಷ್ಟು ಹಿಡಿಸಲ್ಲ. ಯಜಮಾನ ಅನ್ನೋದಕ್ಕಿಂತ ಎಳೆದಾಟ ಅನ್ನಿ.

ಬಿ ಕೋಶದ ಕೊನೆಯ ಘಟ್ಟ ನೋಡಿ. ಸೋಂಕು ಬಂದಾಗ ಅದು ಪ್ಲಾಸ್ಮಾ ಕೋಶ ಆಗಿ ಆಂಟಿಬಾಡಿ ಸುರಿಸಬೇಕು. ಅದನ್ನು ಮಾಡಿಸೋದು ಬ್ಲಿಂಪ್-1 ಅನ್ನೋ ಫ್ಯಾಕ್ಟರ್. ಪ್ಯಾಕ್ಸ್5 ಇರುವ ತನಕ ಬ್ಲಿಂಪ್-1ನ ಜೀನ್ ತೆರೆಯೋಕೆ ಬಿಡಲ್ಲ. ಬ್ಲಿಂಪ್-1 ಎದ್ದು ನಿಂತರೆ ಪ್ಯಾಕ್ಸ್5ನ ಜೀನ್ ಮುಚ್ಚಿಸುತ್ತದೆ. ಒಂದು ಒರೆಯಲ್ಲಿ ಎರಡು ಕತ್ತಿ ಇರಲ್ಲ ಅಂತಾರಲ್ಲ, ಹಾಗೆ. ಎರಡರ ನಡುವೆ ಬಿಸಿಎಲ್6, ಐಆರ್‌ಎಫ್4 ಅನ್ನೋ ಫ್ಯಾಕ್ಟರ್‌ಗಳು ಕೂಡ ತಮ್ಮ ತೂಕ ಹಾಕುತ್ತವೆ. ಸೋಂಕಿನ ಸಂಕೇತ ಬಂದಾಗ ತಕ್ಕಡಿ ಒಂದು ಕಡೆ ವಾಲುತ್ತದೆ, ವಾಲಿದ್ದು ಬೇಗ ಪೂರ್ತಿ ಮಗುಚುತ್ತದೆ. ಕೋಶ ನಡುಮಧ್ಯೆ ಗೊಂದಲದಲ್ಲಿ ಉಳಿಯದೆ ಒಂದು ಕಡೆ ಆಗೋದು ಇದರಿಂದಲೇ.

ಟಿ ಕೋಶದಲ್ಲೂ ಹೀಗೇ. ಥೈಮಸ್‌ನಲ್ಲಿ ಥಿಪಾಕ್ ಅನ್ನೋ ಫ್ಯಾಕ್ಟರ್ ಗೆದ್ದರೆ ಸಹಾಯಕ ಟಿ ಕೋಶ, ರಂಕ್ಸ್3 ಅನ್ನೋದು ಗೆದ್ದರೆ ಕೊಲ್ಲುವ ಟಿ ಕೋಶ. ಹೊರಗೆ ಬಂದಮೇಲೆ ಟಿ-ಬೆಟ್, ಗಾಟಾ3 ಅನ್ನೋ ಫ್ಯಾಕ್ಟರ್‌ಗಳ ನಡುವೆ ಇನ್ನೊಂದು ಎಳೆದಾಟ.

ಆದರೆ ಬೇಕಾದಷ್ಟು ಬಲವಾದ ಒಂದು ತೂಕ ಹಾಕಿದರೆ ಇಡೀ ತಕ್ಕಡಿ ಮಗುಚಬಹುದು, ಅದೂ ನಿಜ. 2004ರಲ್ಲಿ ಥಾಮಸ್ ಗ್ರಾಫ್ ತಂಡ ಬಿ ಕೋಶದೊಳಗೆ ಸಿ/ಇಬಿಪಿ ಆಲ್ಫಾ ಅನ್ನೋ ಒಂದೇ ಫ್ಯಾಕ್ಟರ್ ಸೇರಿಸಿ ಅದನ್ನು ಮ್ಯಾಕ್ರೋಫೇಜ್ ಮಾಡಿತು. ಆ ಫ್ಯಾಕ್ಟರ್ ಕೂಡ ಮೊದಲು ಪ್ಯಾಕ್ಸ್5ನ ಕೈ ಕಟ್ಟಿತು.

ಇದು ಆಸ್ಪತ್ರೆಗೂ ಬಂದಿದೆ. ರೋಗಿಯ ಟಿ ಕೋಶಗಳನ್ನೇ ಲ್ಯಾಬಿನಲ್ಲಿ ಬದಲಿಸಿ, ಬಿ ಕೋಶದ ಮೈಮೇಲಿರುವ ಸಿಡಿ19 ಗುರುತು ನೋಡಿ ಕೊಲ್ಲಿಸುವ ಕಾರ್-ಟಿ ಚಿಕಿತ್ಸೆ ಗೊತ್ತಲ್ಲ? ಭಾರತದಲ್ಲಿ ಮೊದಲನೆಯದಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು, ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ್ದು. ಆ ಸಿಡಿ19 ಜೀನನ್ನು ತೆರೆದಿಡೋದು ನಮ್ಮ ಪ್ಯಾಕ್ಸ್5. ಕೆಲವು ಬಗೆಯ ಲ್ಯುಕೀಮಿಯಾದಲ್ಲಿ (ರಕ್ತದ ಕ್ಯಾನ್ಸರ್) ಒಮ್ಮೊಮ್ಮೆ ಕ್ಯಾನ್ಸರ್ ಕೋಶ ಬಿ ಕೋಶದ ವೇಷವನ್ನೇ ಕಳಚಿ ಮೈಲಾಯ್ಡ್ ಕೋಶದ, ಅಂದರೆ ಮ್ಯಾಕ್ರೋಫೇಜ್, ನ್ಯೂಟ್ರೋಫಿಲ್ ಕವಲಿನ ಕೋಶದ ಹಾಗೆ ಬದಲಾಗುತ್ತದೆ. ಸಿಡಿ19 ಮಾಯ. ಕಾರ್-ಟಿ ಕೋಶಕ್ಕೆ ಅದು ಕಾಣೋದೇ ಇಲ್ಲ.

ಮತ್ತೆ ಚಿಗುರಿದವ · ಭಾನುವಾರ, ರಾತ್ರಿ 11:20

ಇಷ್ಟು ದಿನ ಇಲ್ಲಿ ಓದಿಕೊಂಡು ಇದ್ದೆ, ಬರೆದಿರಲಿಲ್ಲ. ಇವತ್ತು ಬರೆಯಬೇಕು ಅನಿಸಿತು.

ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಹಲ್ಲುಜ್ಜುವಾಗ ವಸಡಿನಿಂದ ರಕ್ತ. ತೊಡೆ ಮೇಲೆ ಏಟೇ ಬೀಳದೆ ನೀಲಿ ಕಲೆ. ಪ್ಲೇಟ್‌ಲೆಟ್ 18,000. ನಮ್ಮೂರಿನ ನರ್ಸಿಂಗ್ ಹೋಮಿನಲ್ಲಿ ಡೆಂಗಿ ಅಂತ ಸೇರಿಸಿಕೊಂಡರು. ಟೆಸ್ಟ್ ನೆಗೆಟಿವ್ ಬಂದರೂ ನಾಲ್ಕು ದಿನ ಹಾಗೇ ಇಟ್ಟುಕೊಂಡರು. ಪಪ್ಪಾಯಿ ಎಲೆ ರಸವೂ ಆಯಿತು. ಐದನೇ ದಿನ ನನ್ನ ಅಕ್ಕ ಹಠ ಹಿಡಿದು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಡಾಕ್ಟರ್ ಒಂದು ಹನಿ ರಕ್ತ ಸ್ಲೈಡಿನ ಮೇಲೆ ಹರಡಿ ತಾವೇ ನೋಡಿದರು. ಕಾಯಿಲೆ ಎಪಿಎಲ್, ಅಂದರೆ ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೀಮಿಯಾ. ಜೀನ್ ರಿಪೋರ್ಟಿಗೆ ಕಾಯಲಿಲ್ಲ. ಆ ಸಂಜೆಯೇ ಕ್ಯಾಪ್ಸೂಲ್ ಶುರು ಮಾಡಿದರು. ಈ ಕಾಯಿಲೆಯಲ್ಲಿ ಮೊದಲ ದಿನಗಳ ರಕ್ತಸ್ರಾವವೇ ಜೀವ ತೆಗೆಯೋದು ಅಂತ ಆಮೇಲೆ ತಿಳಿಯಿತು.

ಆ ಕ್ಯಾಪ್ಸೂಲ್ ಅಟ್ರಾ, ವಿಟಮಿನ್ ಎ ಕುಟುಂಬದ್ದು. ಡಾಕ್ಟರ್ ಒಂದು ಹಾಳೆ ಮೇಲೆ ಚಿತ್ರ ಬರೆದು ಹೇಳಿದ್ದು ಇವತ್ತಿಗೂ ನನ್ನ ಫೈಲಿನಲ್ಲಿದೆ. 15ನೇ ಮತ್ತು 17ನೇ ಕ್ರೋಮೋಸೋಮುಗಳು ತುಂಡು ಬದಲಾಯಿಸಿಕೊಂಡಿವೆ. 17ರಲ್ಲಿ ಇದ್ದದ್ದು ರಾರ್-ಆಲ್ಫಾ ಅನ್ನೋ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಅದಕ್ಕೆ ಪಿಎಂಎಲ್ ಅನ್ನೋ ಬೇರೆ ಪ್ರೋಟೀನಿನ ತುಂಡು ಅಂಟಿಕೊಂಡಿದೆ. ಆ ಜೋಡಿ ಪ್ರೋಟೀನ್ ಡಿಎನ್‌ಎ ಮೇಲೆ ಕೂತು, ಕೋಶ ಬಲಿಯೋಕೆ ಬೇಕಾದ ಜೀನ್‌ಗಳನ್ನೆಲ್ಲ ಮುಚ್ಚಿಬಿಟ್ಟಿದೆ. ಆರೋಗ್ಯವಂತ ಮೂಳೆಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ಮಾಡುತ್ತದಂತೆ. ನನ್ನ ಮಜ್ಜೆಯಲ್ಲಿ ಅವೆಲ್ಲ ಎಳೆಯದರಲ್ಲೇ ನಿಂತು ರಾಶಿ ಬಿದ್ದಿದ್ದವು. ಅಟ್ರಾ ಆ ಬೀಗ ಸಡಿಲಿಸುತ್ತದೆ. "ಇದು ಕೋಶವನ್ನು ಕೊಲ್ಲುವ ಔಷಧಿ ಅಲ್ಲ, ಬೆಳೆಸುವ ಔಷಧಿ. ಬೆಳೆದ ಮೇಲೆ ಅವು ತಾವಾಗೇ ಆಯಸ್ಸು ಮುಗಿಸಿ ಹೋಗುತ್ತವೆ" ಅಂದರು. ಭಯದಲ್ಲಿ ಮುದುಡಿ ಕೂತಿದ್ದ ನನಗೆ ಆ ಮಾತು ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳೋಕೆ ಆಗಲ್ಲ.

ತುಟಿ ಒಡೆದು ಹೋಗುತ್ತಿತ್ತು. ತಲೆನೋವು ವಿಪರೀತ. ಜೊತೆಗೆ ಆರ್ಸೆನಿಕ್ ಡ್ರಿಪ್, ವಾರವಾರ ಇಸಿಜಿ. ಈಗ ಚೆನ್ನಾಗಿದ್ದೇನೆ. ತೋಟ ನೋಡಿಕೊಳ್ಳುತ್ತೇನೆ.

ಮೇಷ್ಟ್ರೇ, ಮಕ್ಕಳಿಗೆ ಈ ಪಾಠ ಮಾಡುವಾಗ ಇದನ್ನೂ ಹೇಳಿ. ಪ್ಲೇಟ್‌ಲೆಟ್ ಬಿದ್ದದ್ದೆಲ್ಲ ಡೆಂಗಿ ಅಲ್ಲ. ಒಂದು ಸ್ಲೈಡ್ ನೋಡಿಸಿ ಅಂತ ಕೇಳೋದರಲ್ಲಿ ತಪ್ಪಿಲ್ಲ.

ಶಿರಸಿಯ ಅಮ್ಮ · ಸೋಮವಾರ, ಬೆಳಿಗ್ಗೆ 6:55

ಓದಿ ಕಣ್ಣು ತುಂಬಿತು ಮಗಾ. ನಿನ್ನ ಅಕ್ಕನಿಗೆ ಒಳ್ಳೆಯದಾಗಲಿ. ವಿಟಮಿನ್ ಎ ಅಂದೆಯಲ್ಲ, ಹಾಗಾದರೆ ಕ್ಯಾರೆಟ್, ನುಗ್ಗೆಸೊಪ್ಪು ತಿಂದರೆ ಈ ಕಾಯಿಲೆ ಬರದ ಹಾಗೆ ತಡೆಯಬಹುದಾ?

ಸ್ಲೈಡ್ ಅಕ್ಕ · ಸೋಮವಾರ, ಬೆಳಿಗ್ಗೆ 8:40

ಇಲ್ಲ ಅಮ್ಮ. ನುಗ್ಗೆಸೊಪ್ಪು ತಿನ್ನಿ, ಒಳ್ಳೆಯದೇ. ಆದರೆ ಅಟ್ರಾ ಕೊಡುವ ಮಟ್ಟ ಊಟದಿಂದ ಬರಲ್ಲ. ವಿಟಮಿನ್ ಎ ಮಾತ್ರೆ ಅಂತ ಅಂಗಡಿಯಿಂದ ತಂದು ಜಾಸ್ತಿ ತಿಂದರೆ ಲಿವರ್ ಕೆಡುತ್ತದೆ. ಆಸ್ಪತ್ರೆಯಲ್ಲಿ ಕೊಡುವಾಗಲೂ ಉಸಿರಾಟ, ತೂಕ ನೋಡುತ್ತಲೇ ಇರುತ್ತಾರೆ. ಒಟ್ಟಿಗೆ ಬಲಿಯುವ ಕೋಶಗಳೇ ಕೆಲವರಿಗೆ ತೊಂದರೆ ಕೊಡುತ್ತವೆ.

ಚಿಗುರಿದವರೇ, ನಿಮ್ಮ ಸ್ಲೈಡ್ ನೋಡಿದ ಡಾಕ್ಟರಿಗೆ ಏನು ಕಂಡಿರಬಹುದು ಅಂತ ನನಗೆ ಅಂದಾಜಿದೆ. ಎಪಿಎಲ್ ಕೋಶದೊಳಗೆ ಕೆಂಪು ಕಡ್ಡಿಗಳು ಕಾಣುತ್ತವೆ. ಕೆಲವು ಕೋಶದಲ್ಲಿ ಅವು ಕಟ್ಟಿಗೆ ಹೊರೆ ಕಟ್ಟಿಟ್ಟ ಹಾಗೆ ಇರುತ್ತವೆ. ಒಮ್ಮೆ ನೋಡಿದವರು ಮರೆಯಲ್ಲ. ಅದು ಕಂಡರೆ ನಾವು ರಿಪೋರ್ಟ್ ಟೈಪ್ ಮಾಡುತ್ತಾ ಕೂರಲ್ಲ, ನೇರ ಫೋನ್ ಮಾಡುತ್ತೇವೆ.

ಈ ಔಷಧಿಯ ಹಿಂದೆ ಶಾಂಘೈನ ವಾಂಗ್ ಝೆನ್‌ಯಿ ಇದ್ದಾರೆ. 1985ರಲ್ಲಿ 5 ವರ್ಷದ ಒಂದು ಹುಡುಗಿಗೆ ಮೊದಲ ಸಲ ಕೊಟ್ಟು ನೋಡಿದರು. 1988ರಲ್ಲಿ 24 ರೋಗಿಗಳ ಫಲಿತಾಂಶ ಪ್ರಕಟವಾಯಿತು. ಅದರಲ್ಲಿ 23 ಜನರಿಗೆ ಅಟ್ರಾ ಒಂದರಿಂದಲೇ ಕಾಯಿಲೆ ಹಿಮ್ಮೆಟ್ಟಿತ್ತು. ಆ ಜೋಡಿ ಪ್ರೋಟೀನ್ ಏನು ಅಂತ ಗೊತ್ತಾಗಿದ್ದು ಅದಾದ ಮೇಲೆ. ಆರ್ಸೆನಿಕ್ ಬಂದದ್ದು ಚೀನಾದ ಹಾರ್ಬಿನ್‌ನಿಂದ. ಅದು ಆ ಜೋಡಿ ಪ್ರೋಟೀನನ್ನೇ ಕರಗಿಸಿಹಾಕುತ್ತದೆ. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ವೈದ್ಯರು ಆರ್ಸೆನಿಕ್ ಒಂದನ್ನೇ ಕೊಟ್ಟು ಗುಣಪಡಿಸಿದ ಅನುಭವವನ್ನು 2006ರಲ್ಲಿ ಪ್ರಕಟಿಸಿದರು. ದುಬಾರಿ ಕೀಮೋ ಕಟ್ಟೋಕೆ ಆಗದ ಮನೆಗಳಿಗೆ ಅದು ದೊಡ್ಡ ಆಸರೆ.

ಹಾಸನದ ಮೇಷ್ಟ್ರು · ಗುರುವಾರ, ರಾತ್ರಿ 8:15

ಎಲ್ಲರಿಗೂ ಧನ್ಯವಾದ. ಇವತ್ತು ಎರಡು ಪೀರಿಯಡ್ ಪೂರ್ತಿ ಇದೇ ಆಯಿತು. ಬೋರ್ಡಿನ ಮೇಲೆ ಪ್ಯಾಕ್ಸ್5, ಬ್ಲಿಂಪ್-1 ತಕ್ಕಡಿ ಬರೆದೆ. ಚಿಗುರಿದವರ ಅನುಭವ ಅವರ ಊರು ಹೇಳದೆ ಓದಿದೆ. ಕ್ಲಾಸು ಪಿಟಿಕ್ಕೆನ್ನದೆ ಕೇಳಿತು. ಒಬ್ಬ ಹುಡುಗ ಹೊರಗೆ ಬಂದು, ಅವರ ತಾತನಿಗೂ ರಕ್ತದ ಕ್ಯಾನ್ಸರ್ ಇತ್ತು, ಅದು ಯಾವ ಬಗೆ ಅಂತ ಮನೆಯಲ್ಲಿ ಕೇಳುತ್ತೇನೆ ಅಂದ.

ಆ ಹುಡುಗಿ ಮತ್ತೆ ಎದ್ದಳು. "ಸರ್, ಬಿ ಕೋಶಕ್ಕೆ ದಿನಾ ನೆನಪಿಸೋದು ಪ್ಯಾಕ್ಸ್5. ಸರಿ. ಪ್ಯಾಕ್ಸ್5ಗೆ ನೆನಪಿಸೋರು ಯಾರು?"

ಕರಾವಳಿ ಹುಡುಗಿ · ಗುರುವಾರ, ರಾತ್ರಿ 9:02

ಇಬಿಎಫ್1, ಮೇಷ್ಟ್ರೇ. ಪ್ಯಾಕ್ಸ್5 ಜೀನನ್ನು ತೆರೆಯೋದು ಅದು. ಇಬಿಎಫ್1 ಜೀನನ್ನು ತೆರೆದೇ ಇಡೋಕೆ ನೆರವಾಗೋದು ಪ್ಯಾಕ್ಸ್5. ಒಂದರ ಕೈ ಇನ್ನೊಂದು ಹಿಡಿದುಕೊಂಡಿದೆ. ಕೋಶ ಎರಡಾಗಿ ಒಡೆದಾಗ ಎರಡೂ ಪ್ರೋಟೀನ್ ಮರಿಕೋಶಗಳಿಗೆ ಹಂಚಿಹೋಗುತ್ತವೆ, ಅಲ್ಲಿ ಹೋಗಿ ಮತ್ತೆ ಒಂದನ್ನೊಂದು ಎಬ್ಬಿಸುತ್ತವೆ. ಅವಳಿಗೆ ಬಾಣದ ಗುರುತು ಹಾಕಿ ಬರೆಯೋಕೆ ಹೇಳಿ, ಬಾಣಗಳು ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತವೆ.

ಸ್ಲೈಡ್ ಅಕ್ಕ · ಗುರುವಾರ, ರಾತ್ರಿ 9:30

ಮೇಷ್ಟ್ರೇ, ನಮ್ಮ ಡಾಕ್ಟರ್ ಒಪ್ಪಿದ್ದಾರೆ. ಪ್ಯಾಕ್ಸ್5 ಹಾಕಿದ ಎರಡು ಸ್ಲೈಡಿನ ಫೋಟೋ ಕಳಿಸುತ್ತೇನೆ, ರೋಗಿಯ ಹೆಸರು, ನಂಬರ್ ಏನೂ ಇರಲ್ಲ. ಒಂದು ಆರೋಗ್ಯವಂತ ಗಂಟಿನದು, ಒಂದು ಹಾಡ್ಜ್‌ಕಿನ್‌ದು. ಯಾವುದು ಯಾವುದು ಅಂತ ನೀವು ಹೇಳಬೇಡಿ. ಅವಳೇ ಹುಡುಕಲಿ.